ಪರ್ಯಾಯದ ರಾತ್ರಿ, ರೂಮಿಲ್ಲದವರು

ಮಲ್ಪೆ ನೋಡಿದೆ. ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋದೆ. ಗಡ್‌ಬಡ್ ಐಸ್‌ಕ್ರೀಮ್ ತಿಂದೆ, ನನಗೆ ಸಿಹಿ ಜಾಸ್ತಿ ಆಯ್ತು, ಉಡುಪಿಯವರು ಬೈದರೂ ಸರಿ. ಅದೆಲ್ಲ ಫೋಟೋದಲ್ಲಿದೆ. ಫೋಟೋದಲ್ಲಿ ಇಲ್ಲದ್ದು 2024ರ ಜನವರಿ 17ರ ರಾತ್ರಿ.

ಮರುದಿನ ಬೆಳಗಿನ ಜಾವ ಪುತ್ತಿಗೆ ಮಠದ ಪರ್ಯಾಯ. ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಆ ರಾತ್ರಿ ಊರಿಗೆ ಊರೇ ನಿದ್ದೆ ಮಾಡುವುದಿಲ್ಲ. ನಾನು ಮಾತ್ರ ಸ್ವಲ್ಪ ಮಲಗೋಣ ಅಂತ ತಿಂಗಳ ಮೊದಲೇ ಒಂದು ಲಾಡ್ಜಿಗೆ ಫೋನಲ್ಲೇ ಸಾವಿರ ರೂಪಾಯಿ ಮುಂಗಡ ಕಳಿಸಿದ್ದೆ. ಹೋಗಿ ನೋಡಿದರೆ ನನ್ನ ರೂಮಲ್ಲಿ ಬೇರೆ ಯಾರೋ ಬಟ್ಟೆ ಒಣಗಿಸಿದ್ದರು. 'ಓನರ್ ಬೆಳಿಗ್ಗೆ ಬರ್ತಾರೆ, ದುಡ್ಡು ಅವರನ್ನೇ ಕೇಳಿ' ಅಂದ ಕೌಂಟರಿನವನು. ಪರ್ಯಾಯಕ್ಕೆ ಹೋಗುವವರು ದಯವಿಟ್ಟು ರಸೀದಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಸುಮ್ನೆ ಮಂಗಳೂರಲ್ಲೇ ಉಳಿಯಿರಿ, ಅರವತ್ತು ಕಿಲೋಮೀಟರ್ ಕೂಡ ಇಲ್ಲ.

ಬ್ಯಾಗ್ ಹೊತ್ತು ಜೋಡುಕಟ್ಟೆ ಕಡೆ ನಡೆದೆ. ಮೆರವಣಿಗೆ ಹೊರಡುವುದು ಅಲ್ಲಿಂದಲೇ. ಬಾಗಿಲು ಹಾಕಿದ್ದ ಅಂಗಡಿಯೊಂದರ ಜಗಲಿಯಲ್ಲಿ ಜಾಗ ಕಂಡಿತು. ಅಲ್ಲಿ ಆಗಲೇ ಇಬ್ಬರು ಕೂತಿದ್ದರು. ತಲೆತುಂಬ ಶಂಕರಪುರ ಮಲ್ಲಿಗೆ ಮುಡಿದ, ನಲವತ್ತೈದು ದಾಟಿದ ಹೆಂಗಸು. ಪಕ್ಕದಲ್ಲಿ ಒಬ್ಬ ಹುಡುಗ. ಆ ಹೆಂಗಸಿನ ದನಿ ಕೇಳಿದ ಮೇಲೆ ಅವರು ಟ್ರಾನ್ಸ್ ಹೆಂಗಸು, ಮಂಗಳಮುಖಿ ಅಂತ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ನಾನು ಬ್ಯಾಗನ್ನು ನಮ್ಮ ಮಧ್ಯೆ ಇಟ್ಟೆ. ಯಾಕೆ ಇಟ್ಟೆ ಅಂತ ಕೇಳಿದರೆ ಉತ್ತರವಿಲ್ಲ.

'ಬ್ಯಾಗ್ ಆಚೆ ಇಡಿ ಮಾರಾಯ್ರೆ, ಕಾಲು ಚಾಚ್ಲಿಕ್ಕೆ ಆಗುದಿಲ್ಲ' ಅಂದರು. ಮುಖ ಬಿಸಿಯಾಯಿತು. ಆಚೆ ಇಟ್ಟೆ. ಮಾತು ಶುರು ಮಾಡಬೇಕಲ್ಲ ಅಂತ ಲಾಡ್ಜಿನ ಕಥೆ ಹೇಳಿದೆ. ಅವರು ನಕ್ಕರು. 'ನಿಮಗೆ ಇವತ್ತೊಂದು ದಿನ ರೂಮಿಲ್ಲ. ನಮಗೆ ವರ್ಷ ಪೂರ್ತಿ ಪರ್ಯಾಯವೇ.'

ಥರ್ಮಾಸಿನ ಚಹಾ ಕೊಟ್ಟರು. ಹದಿನಾರಕ್ಕೆ ಮನೆ ಬಿಟ್ಟು ಮುಂಬೈಗೆ ಹೋದವರಂತೆ. ಈ ಕಡೆಯ ಹುಡುಗರೆಲ್ಲ ಹೋಗುವ ಹಾಗೆ ಹೋಟೆಲ್ ಕೆಲಸಕ್ಕೆ. ಲೋಟ ತೊಳೆಯುತ್ತಿದ್ದವರಿಗೆ ಅಲ್ಲೇ ಜಮಾತ್, ಅಂದರೆ ತಮ್ಮಂಥವರ ಕೂಟ ಸಿಕ್ಕಿತು, ಗುರು ಸಿಕ್ಕರು, ಹೊಸ ಹೆಸರು ಸಿಕ್ಕಿತು. ಅಮ್ಮನಿಗೆ ಹುಷಾರಿಲ್ಲ ಅಂತ 2011ರಲ್ಲಿ ವಾಪಸ್ ಬಂದರು. 'ಬಂದ ವರ್ಷವೇ ನಮ್ಮ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿದ್ರು. ನಮ್ಮಂಥವರ ಹೆಸರು, ವಿಳಾಸ ಬರೆದಿಡ್ಲಿಕ್ಕೆ ಪುಸ್ತಕ. 1871ರಲ್ಲಿ ಬ್ರಿಟಿಷರು ಇಟ್ಟಿದ್ರಲ್ಲ, ಅದೇ ಪುಸ್ತಕ.' ಇಸವಿಗಳನ್ನು ಅವರು ಮನೆಯ ಮಕ್ಕಳು ಹುಟ್ಟಿದ ವರ್ಷ ಹೇಳುವ ಹಾಗೆ ಹೇಳುತ್ತಿದ್ದರು.

ಹುಡುಗ ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ. ತಲೆ ಎತ್ತದೆಯೇ ಹೇಳಿದ, '2013 ನನಗೆ ನೆನಪಿದೆ. ಎಸ್ಸೆಸ್ಸೆಲ್ಸಿಯಲ್ಲಿದ್ದೆ.' ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲನ್ನು ದೆಹಲಿ ಹೈಕೋರ್ಟು 2009ರಲ್ಲಿ ಕಿತ್ತಿತ್ತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪನ್ನೇ ರದ್ದು ಮಾಡಿತು. ಮರುದಿನದ ಪೇಪರ್ ಓದಿದ ಹುಡುಗ, ಅಪ್ಪನ ಕಣ್ಣಿಗೆ ಬೀಳಬಾರದು ಅಂತ ಆ ಹಾಳೆಯನ್ನು ಮಡಚಿ ಹಾಸಿಗೆ ಕೆಳಗೆ ಇಟ್ಟನಂತೆ. 'ನನ್ನ ಹಾಗೆ ಬೇರೆಯವರೂ ಇದ್ದಾರೆ ಅಂತ ಗೊತ್ತಾಗಿದ್ದು, ನಾನು ಅಪರಾಧಿ ಅಂತ ಗೊತ್ತಾಗಿದ್ದು ಒಂದೇ ಹಾಳೆಯಲ್ಲಿ.' 2018ರ ಸೆಪ್ಟೆಂಬರ್ 6ಕ್ಕೆ ಆ ಅಪರಾಧ ಹೋಯಿತು. ಅಷ್ಟರಲ್ಲಿ ಅವನು ಕಾಲೇಜು ಹಾಸ್ಟೆಲಿನಲ್ಲಿದ್ದ. ಏನು ಮಾಡಿದೆ ಅಂತ ಕೇಳಿದೆ. 'ಏನೂ ಇಲ್ಲ. ಮರುದಿನ ಇಂಟರ್ನಲ್ಸ್ ಇತ್ತು.'

ಆಮೇಲೆ ಮಾತು ಮದುವೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. 2023ರ ಅಕ್ಟೋಬರ್ 17ರ ತೀರ್ಪಿಗೆ ಆಗ ಬರೀ ಮೂರು ತಿಂಗಳು. ಇಬ್ಬರು ಗಂಡಸರ ಮದುವೆಗಾಗಲಿ, ಇಬ್ಬರು ಹೆಂಗಸರ ಮದುವೆಗಾಗಲಿ ಕೋರ್ಟು ಒಪ್ಪಲಿಲ್ಲ, ಸಂಸತ್ತಿಗೆ ಬಿಟ್ಟಿತು ಅಂತ ನಾನೂ ಓದಿದ್ದೆ. ಓದದೇ ಬಿಟ್ಟ ಸಾಲನ್ನು ಅವರು ಹೇಳಿದರು.

'ಟ್ರಾನ್ಸ್ ಹೆಂಗಸು ಗಂಡಸನ್ನು ಮದುವೆ ಆಗಬಹುದು, ಈಗಿರುವ ಕಾನೂನೇ ಸಾಕು ಅಂತ ಅದೇ ತೀರ್ಪಲ್ಲಿ ಉಂಟು. ನನಗೆ ಮದುವೆಯೇ ಬೇಡ ಮಾರಾಯ್ರೆ. ಬೇಕು ಅನ್ನುವ ಇವನಿಗೆ ಇಲ್ಲ!'

'ನಿಮ್ಮದು ನನಗೆ ಕೊಡಿ' ಅಂದ ಹುಡುಗ. ಮೂವರೂ ನಕ್ಕೆವು. ಆದರೆ ಅವನ ಅಮ್ಮ ಈಗಲೂ ಜಾತಕ ತರಿಸುತ್ತಾರಂತೆ, ಕಳೆದ ವಾರ ಕುಂದಾಪುರದಿಂದ ಒಂದು ಬಂದಿತ್ತಂತೆ. ಅದನ್ನು ಹೇಳುವಾಗ ಅವನು ನಗಲಿಲ್ಲ.

ಹಾಗಾದರೆ ನಿಮಗೆ ಎಲ್ಲ ಸುಲಭ ಆಯ್ತಲ್ವಾ ಅಂತ ಅವರನ್ನು ಕೇಳಿದೆ. ಪೆದ್ದು ಪ್ರಶ್ನೆ. ಅವರು ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಆಧಾರ್, ಮತದಾರರ ಚೀಟಿ, ಟಿಜಿ (ಟ್ರಾನ್ಸ್‌ಜೆಂಡರ್) ಕಾರ್ಡ್, ಎಲ್ಲ ಲ್ಯಾಮಿನೇಷನ್ ಮಾಡಿಸಿದ್ದು. '2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ನೀನು ಯಾರು ಅಂತ ನೀನೇ ಹೇಳಿದ್ರೆ ಸಾಕು, ಆಪರೇಷನ್ ಬೇಡ ಅಂತ. 2019ರ ಕಾಯ್ದೆ ಬಂದು ಡಿಸಿ ಸರ್ಟಿಫಿಕೇಟ್ ಬೇಕು ಅಂದಿತು. ನಾನು ಯಾರು ಅಂತ ಡಿಸಿಗೆ ಎಂತ ಗೊತ್ತು?' ಆದರೂ ಅದನ್ನು ಜೋಪಾನವಾಗಿ ಒಳಗಿಟ್ಟರು. ಸರ್ಕಾರಿ ನೇಮಕಾತಿಯಲ್ಲಿ ಇಂಥವರಿಗೆ ಒಂದು ಶೇಕಡಾ ಮೀಸಲಾತಿ 2021ರಲ್ಲಿ ಮೊದಲು ತಂದದ್ದು ನಮ್ಮ ರಾಜ್ಯವೇ. ಅವರ ಚೇಲಾ (ಶಿಷ್ಯೆ) ಒಬ್ಬಳು ಆ ಪರೀಕ್ಷೆಗೆ ಓದುತ್ತಿದ್ದಾಳಂತೆ. ಅವರ ಮೊಬೈಲಿನ ಪರದೆ ಮೇಲೆ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಇದ್ದರು, ಪದ್ಮಶ್ರೀ ತಗೊಳ್ಳುವ ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆಯುತ್ತಿರುವ ಫೋಟೋ.

ಮೆರವಣಿಗೆ ಬಂತು. ಚೆಂಡೆ, ಹುಲಿವೇಷ ಚೆನ್ನಾಗಿತ್ತು. ಟ್ಯಾಬ್ಲೋಗಳಿಗೆ ಹಾಕಿದ್ದ ಸ್ಪೀಕರ್ ಅಬ್ಬರ ಸ್ವಲ್ಪವೂ ಸೇರಲಿಲ್ಲ.

ಬೆಳಕು ಹರಿದ ಮೇಲೆ ದುಡ್ಡು ಕೇಳಲು ಲಾಡ್ಜಿಗೆ ಹೊರಟೆ. 'ನಾವೂ ಬರ್ತೇವೆ' ಅಂದರು ಅವರು. ಓನರ್ ಕೂತಿದ್ದ. ನನ್ನನ್ನು ನೋಡಿ ಲೆಕ್ಕದ ಪುಸ್ತಕ ತಿರುವತೊಡಗಿದ. ಆಮೇಲೆ ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಅವರನ್ನು ನೋಡಿದ. ಅವರು ಮಾತೂ ಆಡಲಿಲ್ಲ, ಮಲ್ಲಿಗೆ ಸರಿಮಾಡಿಕೊಂಡರು ಅಷ್ಟೇ. ಎರಡೇ ನಿಮಿಷ, ಐನೂರರ ಎರಡು ನೋಟು ನನ್ನ ಕೈಯಲ್ಲಿ. 'ಆಯ್ತಲ್ಲ, ಹೊರಡಿ, ಹೊರಡಿ' ಅಂದ.

'ನೋಡಿ, ನನ್ನ ಮುಖಕ್ಕೆ ಸಾವಿರ ರೂಪಾಯಿ ಬೆಲೆ ಉಂಟು' ಅಂದರು ಮೆಟ್ಟಿಲಿಳಿಯುತ್ತಾ.

ರಥಬೀದಿ ಹತ್ತಿರ ಬಿಸಿ ಗೋಳಿಬಜೆ ಸಿಕ್ಕಿತು. ಹೊರಗೆ ಗರಿ, ಒಳಗೆ ಮೆತ್ತಗೆ, ಚಟ್ನಿಗೆ ಶುಂಠಿ ಸರಿಯಾಗಿ ಬಿದ್ದಿತ್ತು. ಆ ಊರಲ್ಲಿ ನಾನು ತಿಂದದ್ದರಲ್ಲಿ ಅದೇ ರುಚಿ. ಹುಡುಗ ಮೂರನೇ ಪ್ಲೇಟ್ ಹೇಳುವಾಗ ಅವನ ಫೋನ್ ರಿಂಗಾಯಿತು. 'ಅಮ್ಮ' ಅಂತ ಬರುತ್ತಿತ್ತು. ಮೊಬೈಲನ್ನು ಮಗುಚಿ ಇಟ್ಟು ಗೋಳಿಬಜೆಯನ್ನು ಚಟ್ನಿಗೆ ಅದ್ದಿದ.