ಯಾರು ಹೇಳಿದ್ರೇನು, ಮಾತು ಒಳ್ಳೇದಲ್ವಾ?

ಬೆಳಗಾದರೆ ವಾಟ್ಸಾಪಲ್ಲಿ ಒಂದು ಸಾಲು ಬಂದಿರುತ್ತದೆ. ಹಿಂದೆ ಸೂರ್ಯೋದಯದ ಚಿತ್ರ, ಕೆಳಗೆ ಸರ್ವಜ್ಞನ ಹೆಸರು. ಇದು ಅವನದ್ದಲ್ಲ ಅಂತ ಬರೆಯುತ್ತೇನೆ. ಐದು ನಿಮಿಷಕ್ಕೆ ಉತ್ತರ: "ಯಾರು ಹೇಳಿದ್ರೇನು ಮೇಷ್ಟ್ರೇ, ಮಾತು ಒಳ್ಳೇದಲ್ವಾ?" ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ, ಎಲೆ ಮುಂದೆ ಕೂತು ಪಾಠ ಮಾಡಿದ್ದೇನೆ. ಬಾಯಲ್ಲಿ ಹೇಳಿ ಸಾಕಾಗಿದೆ.

ಒಳ್ಳೇದಲ್ಲ ಕಣ್ರೀ. ಹಳಸಿದ್ದು.

ಮೊನ್ನೆ ಬಂದದ್ದು "ಸಾಲ ಮಾಡಬೇಡಿ, ನೆಮ್ಮದಿಯಿಂದಿರಿ". ಹೀಗಂತ ಹೇಳೋಕೆ ಸರ್ವಜ್ಞ ಯಾಕೆ ಬೇಕು? ಬ್ಯಾಂಕಿನ ಹೊರಗೆ ನಿಂತ ಯಾರು ಬೇಕಾದರೂ ಹೇಳುತ್ತಾರೆ. ಅವನು ಹೇಳಿದ್ದು ಇದು:

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗರು ಬಂದು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

ಇದರಲ್ಲಿ 'ಬೇಡ' ಅನ್ನೋ ಮಾತು ಎಲ್ಲಿದೆ? ಸಾಲ ತಗೊಳ್ಳುವಾಗ ಹಾಲು ಅನ್ನ ಉಂಡಷ್ಟು ಹಿತ ಅಂತ ಅವನೇ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಸೊಂಟದ ಕೀಲಿಗೆ ಬರುತ್ತಾನೆ. ಬುದ್ಧಿ ಹೇಳುವವರು ಆ ಹಾಲನ್ನವನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಅವರ ಮಾತು ಯಾರಿಗೂ ನಾಟುವುದಿಲ್ಲ. ಮನುಷ್ಯ ತಪ್ಪು ಮಾಡುವಾಗ ಅದು ಅವನಿಗೆ ಎಷ್ಟು ರುಚಿಯಾಗಿರುತ್ತದೆ ಅಂತ ಸರ್ವಜ್ಞನಿಗೆ ಗೊತ್ತಿತ್ತು.

ನಮ್ಮಪ್ಪ ಈ ವಚನ ಹೇಳಿದ್ದನ್ನು ನಾನು ಒಂದೇ ಸಲ ಕೇಳಿದ್ದು. ಅವತ್ತು ಸಾಲ ಕೊಟ್ಟವರು ಮಧ್ಯಾಹ್ನದಿಂದ ಜಗಲಿ ಮೇಲೆ ಕೂತಿದ್ದರು. ಜೋರು ಮಾತಿಲ್ಲ, ಸುಮ್ನೆ ಕೂತಿದ್ದರು. ಅವರು ಎದ್ದು ಹೋದ ಮೇಲೆ ಅಪ್ಪ ಊಟಕ್ಕೆ ಬಂದರು. ಅಮ್ಮ ಮಜ್ಜಿಗೆ ಹಾಕಿದರು. ಅನ್ನ ಕಲಸುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು. "ಹಾಲೋಗರುಂಡಂತೆ" ಅಂದರು, ಅಷ್ಟೇ. ಉಳಿದ ಎರಡು ಸಾಲು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಜಾಗದಲ್ಲಿ "ನೆಮ್ಮದಿಯಿಂದಿರಿ" ಹಾಕಿ ನೋಡಿ, ನನಗೆ ಯಾಕೆ ಸಿಟ್ಟು ಬರುತ್ತದೆ ಅಂತ ತಿಳಿಯುತ್ತದೆ.

ಇನ್ನು ಕೆಲವರು ಜಾಣರು. "ಅವನ ಹೆಸರಲ್ಲಿ ಹಿಂದಿನವರೂ ಎಷ್ಟೋ ಸೇರಿಸಿದ್ದಾರಲ್ಲ" ಅನ್ನುತ್ತಾರೆ. ಸೇರಿಸಿದ್ದಾರೆ, ನಿಜ. ಆದರೆ ಹಾಗೆ ಸೇರಿಸಿದವರೂ ತ್ರಿಪದಿ ಕಟ್ಟೋಕೆ ಒದ್ದಾಡಿದರು. ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು ತಮ್ಮ ಕೆಲಸದ ನಡುವೆ ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ ಬರೆದುಕೊಂಡು, 1924ರಲ್ಲಿ ಈ ವಚನಗಳನ್ನು ಅಚ್ಚು ಹಾಕಿಸಿದರು. ಯಾರು ಹೇಳಿದ್ರೇನು ಅಂತ ಅವರೂ ಅಂದುಕೊಂಡಿದ್ದರೆ ನಮ್ಮ ಕೈಗೆ ಏನು ಸಿಗುತ್ತಿತ್ತು? ಎಲ್ಲರಿಂದ ಒಂದೊಂದು ನುಡಿ ಕಲಿತೆ ಅಂತ ಸರ್ವಜ್ಞನೇ ಹೇಳಿಕೊಂಡಿದ್ದಾನೆ, ಅದೂ ಹೌದು. ಕಲಿತದ್ದನ್ನು ತನ್ನ ಬಾಯಲ್ಲಿ ಹೊಸದಾಗಿ ಆಡಿದ. ನಾವು ಅವನು ಆಡಿದ್ದನ್ನು ಚಪ್ಪಟೆ ಮಾಡಿ ಕಳಿಸುತ್ತಿದ್ದೇವೆ.

ಯಾರು ಹೇಳಿದರು ಅನ್ನೋದು ಬಿಡಿ, ಹೇಗೆ ಹೇಳಿದ ಅಂತ ಯಾರಾದರೂ ಕೇಳಬಾರದಾ? ಹಾಲೋಗರ ಯಾಕೆ, ಹೋಳಿಗೆ ಯಾಕಲ್ಲ? ನೋವು ಎದೆಯಲ್ಲಿ ಅಂತ ಹೇಳದೆ ಕಿಬ್ಬದಿಗೆ ಯಾಕೆ ಹೋದ? ಇಂಥ ಪ್ರಶ್ನೆಗೆ ನಾನು ರಾತ್ರಿಯಿಡೀ ಕೂರಲು ಸಿದ್ಧ.

ಒಬ್ಬ ಕೇಳಿದ. ಪಕ್ಕದ ಮನೆ ಹುಡುಗ, ಆಗಷ್ಟೇ ಬೈಕ್ ತಗೊಂಡಿದ್ದ. ವಚನ ಓದಿ, "ಕಿಬ್ಬದಿ ಅಂದ್ರೆ ಎಲ್ಲಿ ಬರುತ್ತೆ ಸರ್?" ಅಂದ. ಪಕ್ಕೆಯ ಕೆಳಗೆ ಕೈ ಇಟ್ಟು ತೋರಿಸಿದೆ. ಅವನೂ ತನ್ನ ಸೊಂಟದ ಹತ್ತಿರ ಒತ್ತಿ ನೋಡಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದು ಐದನೇ ತಾರೀಖು ಸರ್, ಇಎಂಐ" ಅಂದ.