ಗೊದ್ದ ತೋರಿಸಿಕೊಟ್ಟ ಸೋರಿಕೆ

ವಸಂತ ಬಂತೆಂದರೆ ಸಿಯಾಟಲ್ ಸುತ್ತಲಿನ ಮರದ ಮನೆಗಳಲ್ಲಿ ಗೊದ್ದಗಳ, ಅಂದರೆ ದೊಡ್ಡ ಕಪ್ಪಿರುವೆಗಳ, ಓಡಾಟ ಜೋರಾಗುತ್ತದೆ. ಬಾಥೆಲ್‌ನ ನಮ್ಮ ಮನೆಯಲ್ಲಿ ಊಟದ ಕೋಣೆಯ ಕಿಟಕಿಯ ಕೆಳಗೆ ದಿನಾ ಬೆಳಗ್ಗೆ ಒಂದು ಚಿಟಿಕೆ ಮರದ ಹುಡಿ ಬಿದ್ದಿರುತ್ತಿತ್ತು. ಬೆರಳಲ್ಲಿ ಕೆದಕಿದರೆ ಬರೀ ಹುಡಿಯಲ್ಲ, ನಡುನಡುವೆ ಇರುವೆಯ ಕಾಲು, ರುಂಡ, ಯಾವುದೋ ಹುಳದ ರೆಕ್ಕೆ. ಗೆದ್ದಲಲ್ಲ ಎಂಬುದು ಅಲ್ಲಿಗೇ ಖಾತ್ರಿಯಾಯಿತು. ಗೆದ್ದಲಿಗೆ ಮರವೇ ಊಟ. ಗೊದ್ದ ಮರ ತಿನ್ನುವುದಿಲ್ಲ, ವಾಸಕ್ಕೆಂದು ಕೊರೆಯುತ್ತದೆ. ಕೊರೆದ ಪುಡಿಯನ್ನೂ ಸತ್ತ ಸಂಗಾತಿಗಳನ್ನೂ ಒಟ್ಟಿಗೇ ಹೊರಗೆ ತಳ್ಳುತ್ತದೆ. ಅಚ್ಚುಕಟ್ಟಿನ ಪ್ರಾಣಿ, ಒಪ್ಪಲೇಬೇಕು.

ಔಷಧಿ ಹೊಡೆಯುವ ಕಂಪನಿಯವನು ಬಂದು, ಗೋಡೆಯ ಬುಡಕ್ಕೆ ಬಗ್ಗಿಯೂ ನೋಡದೆ ವರ್ಷದ ಕರಾರುಪತ್ರ ಮುಂದಿಟ್ಟ. ಮೂರು ತಿಂಗಳಿಗೊಮ್ಮೆ ಸಿಂಪಡಣೆಯಂತೆ. ‘ತೇವ ಎಲ್ಲಿಂದ ಬರುತ್ತಿದೆ?’ ಎಂದೆ. ಅದು ತನ್ನ ಕೆಲಸವಲ್ಲ ಎಂದ. ಕಾಫಿ ಕೊಟ್ಟು ಕಳುಹಿಸಿದೆ.

ನನ್ನ ತಕರಾರು ಇಷ್ಟೇ. ರಾಣಿ ಮೊಟ್ಟೆಯಿಡುವ ಮೂಲ ಗೂಡಿಗೆ ಪಸೆ ಬೇಕೇ ಬೇಕು. ಬೆಳೆದ ಮರಿಗಳನ್ನು ಸಾಕುವ ಉಪಗೂಡುಗಳು ಒಣಮರದಲ್ಲೂ ಇರಬಹುದು. ಕಣ್ಣಿಗೆ ಬಿದ್ದ ನಾಲ್ಕು ಇರುವೆಗಳಿಗೆ ಔಷಧಿ ಹೊಡೆದರೆ ರಾಣಿಗೆ ಸುದ್ದಿಯೂ ಮುಟ್ಟುವುದಿಲ್ಲ, ನೀರಂತೂ ಇಳಿಯುತ್ತಲೇ ಇರುತ್ತದೆ.

ಇವು ಹೆಚ್ಚಾಗಿ ರಾತ್ರಿ ಸಂಚಾರಿಗಳು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಸಾಲಿನ ಹಿಂದೆ ಹೋದೆ. ಹಿತ್ತಲಿನ ಡೆಕ್, ಅಂದರೆ ಮರದ ಜಗಲಿ, ಮನೆಯ ಗೋಡೆಗೆ ಸೇರುವಲ್ಲಿ ಸಾಲು ಮಾಯವಾಗುತ್ತಿತ್ತು. ಅಲ್ಲಿ ಕಿವಿ ಇಟ್ಟರೆ ಒಳಗಿನಿಂದ ಸಣ್ಣಗೆ ಚರಚರ ಸದ್ದು. ಎರಡು ಮೊಳೆಯ ತೇವಮಾಪಕ ಚುಚ್ಚಿದೆ. ಬೇರೆ ಕಡೆ ಶೇಕಡಾ 12ರ ಆಸುಪಾಸಿನಲ್ಲಿದ್ದದ್ದು ಇಲ್ಲಿ 30 ದಾಟಿತು. 20ರೊಳಗಿದ್ದರೆ ಮರಕ್ಕೆ ಭಯವಿಲ್ಲ. 30ರ ಹತ್ತಿರ ಬಂದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ.

ಬಡಗಿ ಹಲಗೆ ಕಿತ್ತಾಗ ಕಂಡ ತೊಲೆಯನ್ನು ಮರೆಯಲಾರೆ. ಡಗ್ಲಸ್ ಫರ್ ಮರ. ಪ್ರತಿ ವರ್ಷದ ಉಂಗುರದಲ್ಲೂ ಮೆತ್ತಗಿನ ಭಾಗವನ್ನಷ್ಟೇ ಕೊರೆದು ಗಟ್ಟಿ ಭಾಗವನ್ನು ಹಾಗೆಯೇ ಉಳಿಸಿದ್ದವು. ಮರ ತೆಳ್ಳನೆಯ ಹಾಳೆಗಳಾಗಿ ನಿಂತಿತ್ತು. ಒಳಮೈ ಉಪ್ಪುಕಾಗದದಲ್ಲಿ ಉಜ್ಜಿದಷ್ಟು ನುಣುಪು, ಒಂದು ಕಾಳು ಮಣ್ಣಿಲ್ಲ. ಮರಿಗಳಿರುವ ಮಾಸಲು ಬಣ್ಣದ ಕೋಶಗಳನ್ನು ಕಚ್ಚಿಕೊಂಡು ಗೊದ್ದಗಳು ದಿಕ್ಕಾಪಾಲಾದವು. ಅದರ ಪಕ್ಕದ ಮರವೋ ಪೂರ್ತಿ ಕುಂಬಾಗಿ, ಸ್ಕ್ರೂಡ್ರೈವರ್ ಹಿಡಿಯ ತನಕ ಇಳಿಯಿತು.

ಕಾರಣ ಹುಡುಕಲು ಪಂಡಿತರು ಬೇಕಿರಲಿಲ್ಲ. ಡೆಕ್ಕಿನ ತೊಲೆಯನ್ನು ನೇರವಾಗಿ ಗೋಡೆಗೆ ಜಡಿದಿದ್ದಾರೆ, ಸಂದಿಯ ಮೇಲೆ ನೀರು ಹೊರಕ್ಕೆ ಜಾರಿಸುವ ತಗಡಿನ ಪಟ್ಟಿಯೇ ಇಲ್ಲ. ಮೇಲೆ ಸೂರಿನ ನೀರು ಹಿಡಿಯುವ ದೋಣಿಯಲ್ಲಿ ಸೀಡರ್ ಎಲೆ ಕಟ್ಟಿಕೊಂಡು ಉಕ್ಕಿದ ನೀರೂ ಅಲ್ಲಿಗೇ.

ಫೋನಿನಲ್ಲಿ ಫೋಟೊ ನೋಡಿದ ಅಮ್ಮ, ‘ಸೂರು ಒಂದು ಗೇಣೂ ಇಲ್ಲವಲ್ಲ ಮಾರಾಯ, ಇನ್ನೇನಾಗುತ್ತದೆ?’ ಎಂದರು. ತೀರ್ಥಹಳ್ಳಿಯವರು, ಮಳೆಯ ವಿಷಯದಲ್ಲಿ ಅವರೊಡನೆ ವಾದ ಸಲ್ಲದು. ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಸಿಯಾಟಲ್‌ನಲ್ಲಿ 1,000 ಕೂಡ ಇಲ್ಲ. ಆದರೆ ನಮ್ಮೂರಿನ ಪಕಾಸು, ರೀಪುಗಳಿಗೆ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಒಲೆಯ ಹೊಗೆ ತಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಇಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ. ಪ್ಲೈವುಡ್ಡಿಗೂ ಜಿಪ್ಸಂ ಹಲಗೆಗೂ ನಡುವೆ ಗಾಜಿನ ನಾರು ತುರುಕಿದ ಗೋಡೆಯೊಳಗೆ ಹೊಕ್ಕ ನೀರಿಗೆ ಹೊರಡುವ ದಾರಿಯಿಲ್ಲ.

ಕೊಳೆತದ್ದನ್ನು ಕತ್ತರಿಸಿ ಹೊಸ ಮರ ಕೂರಿಸಿ, ತಗಡು ಹೊಡೆಸಿದ ಮೇಲೆಯೇ ಇರುವೆಗೆ ನಿಧಾನವಿಷದ ಜೆಲ್ ಇಟ್ಟದ್ದು. ತಿಂದವು ಗೂಡಿಗೆ ಒಯ್ದು ಹಂಚುತ್ತವೆ. ವಿಮೆಯವರು ಮಾತ್ರ ಕಾಸು ಬಿಚ್ಚಲಿಲ್ಲ. ಹುಳದ ಹಾನಿಯೂ ನಿಧಾನವಾಗಿ ಕೊಳೆತದ್ದೂ ಪಾಲಿಸಿಗೆ ಹೊರತಂತೆ. ಈಗ ಗೋಡೆಗೆ ಒರಗಿಸಿದ ಸೌದೆಯ ರಾಶಿ ಬೇಲಿಯ ಕಡೆ ಸಾಗಬೇಕು, ಸೂರಿಗೆ ತಾಗುವ ಪಕ್ಕದ ಮನೆಯ ಸೀಡರ್ ಕೊಂಬೆಯ ವಿಷಯ ಅವರ ಬಳಿ ಎತ್ತಬೇಕು.