ಕಾಂಡ್ಲಾ ಕೋಡು

ಉಡುಪಿ ಕಡೆಯ ಕೆಮ್ಮಣ್ಣು ತೂಗುಸೇತುವೆ ಹತ್ತಿರ ಇವತ್ತು ನೀರು ಪೂರಾ ಇಳಿದಿತ್ತು. ಕೆಸರಲ್ಲಿ ಕಾಂಡ್ಲಾ ಮರದ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ಒಂದು ಕೋಡು, ಅಂದರೆ ಕೋಲಿನಂಥ ಮೊಳಕೆ, ನೆಟ್ಟಗೆ ಚುಚ್ಚಿಕೊಂಡು ನಿಂತಿತ್ತು. ನುಗ್ಗೆಕಾಯಿಯಷ್ಟು ದಪ್ಪ, ಹಸಿರು, ತುದಿಯಲ್ಲಿ ಎರಡೇ ಎಲೆ. ಯಾರೂ ನೆಟ್ಟದ್ದಲ್ಲ.

ಇದರ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳಕೆ ಒಡೆಯುತ್ತದೆ. ಬಿದ್ದಲ್ಲೇ ನಾಟಿಕೊಳ್ಳಬಹುದು, ಇಲ್ಲಾ ತೇಲಿಕೊಂಡು ಇನ್ಯಾವುದೋ ಕುದ್ರು (ಹೊಳೆ ನಡುವಿನ ದ್ವೀಪ) ಸೇರಬಹುದು. ಆಮೇಲೆ ಬೇರಿನ ಸಂದಿಯಲ್ಲಿ ಕೆಸರು ನಿಲ್ಲುತ್ತದೆ. ಏಡಿ, ಸಿಗಡಿ ಮರಿ ಎಲ್ಲಾ ಬರುತ್ತವೆ.

ಮಣ್ಣು ಹಾಕಿ ನೀರಿನ ದಾರಿ ಮುಚ್ಚಿದರೆ ಬೆಳೆದ ಮರವೂ ಒಣಗುತ್ತದೆ. ಅಂಥ ಕಡೆ ಸಾಲಾಗಿ ಸಸಿ ನೆಟ್ಟರೂ ಉಳಿಯುವುದು ಕಷ್ಟ ಅಲ್ವಾ. ಮೊದಲು ಉಬ್ಬರದ ನೀರು ಒಳಗೆ ಬರಲು ಬಿಡಬೇಕು. ಹತ್ತಿರದಲ್ಲಿ ತಾಯಿಮರ ಇದ್ದರೆ ಗಿಡ ತಾನಾಗಿ ಬರುತ್ತದೆ.

ನಿಮ್ಮ ಊರಿನ ಹೊಳೆಬದಿಯಲ್ಲಿ ಕಾಂಡ್ಲಾ ಇನ್ನೂ ಇದೆಯಾ?